ಜ್ವರ ಬಿಟ್ಟ ಮೇಲೆ ಡೆಂಗಿ ಉಲ್ಬಣಿಸುವುದೇಕೆ?

ತುಂಗಾತೀರ (ಪ್ರಶ್ನೆ):
ನಮ್ಮ ಅಕ್ಕನ ಮಗ, ಹನ್ನೊಂದು ವರ್ಷದವನು, ಕಳೆದ ತಿಂಗಳು ಡೆಂಗಿಯಿಂದಾಗಿ ಐಸಿಯು ಸೇರಿ ಈಗ ಗುಣಮುಖನಾಗಿದ್ದಾನೆ. ನಾಲ್ಕು ದಿನ ಕಾಡಿದ ಜ್ವರ ಐದನೆಯ ದಿನ ಬೆಳಿಗ್ಗೆ ಬಿಟ್ಟಾಗ, ಗಂಡಾಂತರ ಕಳೆಯಿತೆಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅದೇ ಸಂಜೆ ಅವನು ಹೊಟ್ಟೆನೋವೆಂದು ಮುದುಡಿ ಮಲಗಿದ, ಮೇಲಿಂದ ಮೇಲೆ ವಾಂತಿ ಮಾಡಿದ, ಅಂಗೈ ಅಂಗಾಲು ತಣ್ಣಗಾದವು. ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದರೂ ವೈದ್ಯರು ಪ್ಲೇಟ್‌ಲೆಟ್ ಹಾಕದೆ, ಡ್ರಿಪ್ಪಿನ ವೇಗವನ್ನೇ ಮತ್ತೆ ಮತ್ತೆ ಬದಲಿಸುತ್ತಿದ್ದರು. ಜ್ವರ ಬಿಟ್ಟ ಮೇಲೆ ಅಪಾಯ ಬಂದದ್ದು ಹೇಗೆ? ಎರಡನೆಯ ಸಲ ಬಂದರೆ ಇನ್ನೂ ಕಠಿಣವೆನ್ನುವುದು ನಿಜವೇ? ಲಸಿಕೆ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮಕ್ಕಳ ವಾರ್ಡಿನ ವೈದ್ಯೆ:
ಮಗು ಚೇತರಿಸಿಕೊಂಡದ್ದು ಕೇಳಿ ಸಂತೋಷವಾಯಿತು. ನೀವು ಬರೆದಂಥ ಸಂಜೆಗಳನ್ನು ಪ್ರತಿ ಮಳೆಗಾಲವೂ ನಾವು ನೋಡುತ್ತೇವೆ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಕಿರುರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಎದೆಗೂಡಿಗೂ ಹೊಟ್ಟೆಗೂ ಸೋರತೊಡಗುತ್ತದೆ. ವೈರಸ್ ಹೊರಬಿಡುವ ಎನ್‌ಎಸ್1 ಎಂಬ ಪ್ರೋಟೀನು, ಅಂದರೆ ನಾವು ಮೊದಲ ದಿನಗಳ ರಕ್ತಪರೀಕ್ಷೆಯಲ್ಲಿ ಹುಡುಕುವ ಅದೇ ವಸ್ತು, ಈ ಗೋಡೆಯನ್ನು ನೇರವಾಗಿ ಸಡಿಲಿಸಬಲ್ಲದೆಂದು 2015ರ ಸಂಶೋಧನೆಗಳು ತೋರಿಸಿವೆ. ಸೋರಿಕೆ ಇರುವುದು 24ರಿಂದ 48 ಗಂಟೆ ಮಾತ್ರ, ಆದರೆ ಮಗುವಿನ ಜೀವ ನಿಂತಿರುವುದು ಆ ಅವಧಿಯ ಮೇಲೆಯೇ.

ಒಲೆಯ ಮೇಲಿನ ಸಾರು ಬತ್ತಿದಂತೆ ರಕ್ತವೂ ಗಟ್ಟಿಯಾಗುತ್ತದೆ. ಅದನ್ನು ತೋರಿಸುವ ಅಂಕಿ ಹೆಮಟೋಕ್ರಿಟ್. ವರದಿಯಲ್ಲಿ ಪಿಸಿವಿ ಎಂದೂ ಬರೆದಿರುತ್ತದೆ. ಮನೆಯವರು ಪ್ಲೇಟ್‌ಲೆಟ್ ಎಷ್ಟೆಂದು ಮಾತ್ರ ಕೇಳುತ್ತಾರೆ, ಈ ಅಂಕಿಯನ್ನು ಯಾರೂ ಕೇಳುವುದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಹಾಸಿಗೆಯ ಪಕ್ಕದಲ್ಲಿ ನಾವು ಮಗುವಿನ ಬೆರಳ ಉಗುರನ್ನು ಒತ್ತಿ ಬಿಡುತ್ತೇವೆ. ಬೆಳ್ಳಗಾದ ಜಾಗಕ್ಕೆ ಮತ್ತೆ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಬಿಪಿಯ ಮೇಲಿನ ಕೆಳಗಿನ ಅಂಕಿಗಳ ಅಂತರ 20ಕ್ಕೆ ಕುಗ್ಗಿದ್ದರೆ, ಮಗು ಎಚ್ಚರವಾಗಿ ಮಾತನಾಡುತ್ತಿದ್ದರೂ ಅದು ಷಾಕ್‌ನಲ್ಲಿದೆ, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲವೆಂದೇ ಅರ್ಥ. ಸೋರಿಹೋದದ್ದನ್ನು ತುಂಬಲು ಡ್ರಿಪ್ ಬೇಕು, ಆದರೆ ಸೋರಿಕೆ ನಿಂತ ಮೇಲೆ ಹೊರಹೋದ ದ್ರವ ತಾನಾಗಿ ರಕ್ತನಾಳಕ್ಕೆ ಮರಳುವುದರಿಂದ, ಡ್ರಿಪ್ಪನ್ನು ಸಕಾಲಕ್ಕೆ ತಗ್ಗಿಸದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ನಿಮ್ಮ ವೈದ್ಯರು ವೇಗವನ್ನು ಮತ್ತೆ ಮತ್ತೆ ಬದಲಿಸುತ್ತಿದ್ದುದು ಇದೇ ಕಾರಣಕ್ಕೆ.

ಪ್ಲೇಟ್‌ಲೆಟ್ ವಿಷಯಕ್ಕೆ ಬಂದರೆ, ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಸುಮಾರು 370 ವಯಸ್ಕ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣಿಕೆ 20 ಸಾವಿರಕ್ಕೆ ಇಳಿದಿದ್ದರೂ ರಕ್ತಸ್ರಾವವಿಲ್ಲದವರಿಗೆ ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಹಾಕಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಬದಲಿಗೆ ಅಡ್ಡಪರಿಣಾಮಗಳು ಹೆಚ್ಚಿದವು. ಚಿಕಿತ್ಸೆಯಿಲ್ಲದ ತೀವ್ರ ಡೆಂಗಿಯಲ್ಲಿ ಸಾವು ಶೇ. 20ರವರೆಗೂ ಹೋಗಬಹುದು, ದ್ರವವನ್ನು ಅಳೆದು ಕೊಡುವಲ್ಲಿ ಅದು ಶೇ. 1ಕ್ಕಿಂತ ಕೆಳಗಿಳಿಯುತ್ತದೆ.

ಸೋಂಕುಶಾಸ್ತ್ರದ ವಿದ್ಯಾರ್ಥಿ:
ಮೇಡಂ ಹೇಳಿದ್ದಕ್ಕೆ ಎರಡನೆಯ ಪ್ರಶ್ನೆಯ ಉತ್ತರವನ್ನು ಸೇರಿಸುತ್ತೇನೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ಆ ಬಗೆಯಿಂದ ದೀರ್ಘಕಾಲ ರಕ್ಷಿಸುತ್ತದೆ, ಆದರೆ ಅದರಿಂದ ಹುಟ್ಟಿದ ಪ್ರತಿಕಾಯಗಳು (ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು) ಬೇರೆ ಬಗೆಯ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ಕೊಲ್ಲಲಾರದೆ, ಜೀವಕೋಶದೊಳಕ್ಕೆ ತಾವೇ ಕರೆದೊಯ್ಯಬಲ್ಲವು. ಥಾಯ್ಲೆಂಡಿನ ಮಕ್ಕಳನ್ನು ಅಭ್ಯಸಿಸಿದ ಸ್ಕಾಟ್ ಹಾಲ್‌ಸ್ಟೆಡ್ ಮುಂದಿಟ್ಟ ಈ ವಿವರಣೆಗೆ ಕ್ಯೂಬಾ ಬಲ ಕೊಟ್ಟಿತು. ಅಲ್ಲಿ 1977ರಲ್ಲಿ ಹರಡಿದ್ದು ಒಂದನೆಯ ಬಗೆ. 1981ರಲ್ಲಿ ಎರಡನೆಯ ಬಗೆ ಬಂದಾಗ 158 ಮಂದಿ ಸತ್ತರು, ಅವರಲ್ಲಿ 101 ಮಂದಿ ಮಕ್ಕಳು. ನಿಕರಾಗುವಾದ ಮಕ್ಕಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು: ಪ್ರತಿಕಾಯ ಹೆಚ್ಚಿದ್ದರೆ ರಕ್ಷಣೆ, ನಡುಮಟ್ಟಕ್ಕೆ ಇಳಿದಿದ್ದರೆ ಅಪಾಯ. ಹಾಗೆಂದು ಎದೆಗುಂದಬೇಡಿ, ಎರಡನೆಯ ಸೋಂಕುಗಳಲ್ಲಿಯೂ ಹೆಚ್ಚಿನವು ತೀವ್ರವಾಗುವುದಿಲ್ಲ.

ಲಸಿಕೆಯ ಹಾದಿ ಕಷ್ಟವಾದದ್ದೂ ಇದರಿಂದಲೇ. ಫಿಲಿಪ್ಪೀನ್ಸ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಎಂಬ ಲಸಿಕೆ ಕೊಟ್ಟ ಮೇಲೆ, ಹಿಂದೆಂದೂ ಡೆಂಗಿ ಬಾರದವರಲ್ಲಿ ಅದು ಮುಂದಿನ ಸೋಂಕನ್ನು ತೀವ್ರಗೊಳಿಸಬಹುದೆಂದು 2017ರ ನವೆಂಬರಿನಲ್ಲಿ ತಿಳಿದುಬಂತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಹಯೋಗದ ಡೆಂಗಿಆಲ್ ಲಸಿಕೆಯ ಮೂರನೆಯ ಹಂತದ ಪ್ರಯೋಗ 2024ರ ಆಗಸ್ಟಿನಲ್ಲಿ ರೋಹ್ಟಕ್‌ನಲ್ಲಿ ಆರಂಭವಾಯಿತು.

ಆರೋಗ್ಯ ನಿರೀಕ್ಷಕ:
ನಿಯಂತ್ರಣದ ಬಗ್ಗೆ ನನ್ನದೂ ಒಂದು ಮಾತು. ಜನ ಫಾಗಿಂಗ್ ಮಾಡಿಸಿ ಎನ್ನುತ್ತಾರೆ. ಆ ಹೊಗೆಗೆ ಹಾರುವ ಸೊಳ್ಳೆ ಸಾಯಬಹುದು, ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ಸಾಯುವುದಿಲ್ಲ. ಆ ಮೊಟ್ಟೆ ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕೆಂದು ನಾನು ಮನೆಮನೆಯಲ್ಲೂ ಹೇಳುತ್ತೇನೆ. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯುವುದನ್ನು ತಡೆಯುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇ. 77ರಷ್ಟು ಕಡಿಮೆಯಾಯಿತೆಂಬ 2021ರ ಫಲಿತಾಂಶ ನನಗೆ ಬಹಳ ಭರವಸೆ ಕೊಟ್ಟಿದೆ.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಅಕ್ಕನ ಕಿರಿಯ ಮಗಳಿಗೆ ನಿನ್ನೆ ರಾತ್ರಿಯಿಂದ ಜ್ವರವಿದೆ. ಏನು ಗಮನಿಸಬೇಕು?

ಮಕ್ಕಳ ವಾರ್ಡಿನ ವೈದ್ಯೆ:
ಇಂದೇ ವೈದ್ಯರಿಗೆ ತೋರಿಸಿ, ಎನ್‌ಎಸ್1 ಪರೀಕ್ಷೆ ಮಾಡಿಸಿ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಆಗಲಿ ಆಸ್ಪಿರಿನ್ ಆಗಲಿ ಬೇಡ. ಓಆರ್‌ಎಸ್, ಗಂಜಿ, ಎಳನೀರು ಕೊಡುತ್ತಿರಿ. ಮೂತ್ರ ಹೋದ ಹೊತ್ತನ್ನು ಕಾಗದದಲ್ಲಿ ಬರೆದಿಡಿ; ಆರು ಗಂಟೆ ಮೂತ್ರವೇ ಹೋಗದಿದ್ದರೆ, ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಇವುಗಳಲ್ಲಿ ಯಾವುದೊಂದು ಕಂಡರೂ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಜ್ವರ ಬಿಟ್ಟ ದಿನ ತಪ್ಪದೆ ಪಿಸಿವಿ ನೋಡಿಸಿ.