ಪುಟ್ಟಿ, ಆ ಪಾರಿಜಾತ ಕೀಳಬೇಡಿ

ಪುಟ್ಟಿ, ಈಗಷ್ಟೇ ನಿನ್ನ ಫೋಟೋ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಹೊತ್ತಾಗುತ್ತದೆ, ಅದಕ್ಕೇ ಮನೆಯವರ ಗ್ರೂಪಿನಲ್ಲೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಮೊದಲು ಅಳಿಯಂದಿರಿಗೆ ಹೇಳು, ಗುದ್ದಲಿ ಒಳಗಿಡಿ ಅಂತ. ಪಾರಿಜಾತದ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿದೆ, ಸತ್ತುಹೋಗಿದೆ, ಭಾನುವಾರ ಕಿತ್ತು ಅಲ್ಲಿ ಕ್ರೋಟನ್ ಹಾಕುತ್ತೇವೆ ಅಂದೆಯಲ್ಲ. ಸತ್ತಿರಲಿಕ್ಕಿಲ್ಲ ಕಣೇ. ಎಲೆ ಉದುರಿಸಿಕೊಂಡು ಮಳೆಗೆ ಕಾಯುತ್ತಿದೆ.

ಈಗ ಮಾರ್ಚ್ ಅಲ್ವಾ? ನಮ್ಮ ಜೋಗಿಮಟ್ಟಿ ಕಡೆ ಹೋಗಿ ನೋಡು, ಅರ್ಧ ಕಾಡು ಬೋಳು. ಎಲೆ ಇದ್ದಷ್ಟೂ ಅದರಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ನೆಲದಲ್ಲಿ ನೀರು ಕಮ್ಮಿಯಾದಾಗ ಗಿಡ ಎಲೆ ಬಿಟ್ಟುಕೊಡುತ್ತದೆ, ಜೀವ ಉಳಿಸಿಕೊಳ್ಳುತ್ತದೆ. ಹೋದ ವರ್ಷ ನಿನ್ನ ಗಿಡ ಸಣ್ಣದಿತ್ತು, ದಿನಾ ನೀರು ಬೀಳುತ್ತಿತ್ತು, ಪೂರ್ತಿ ಬೋಳಾಗಲಿಲ್ಲ. ಅದಕ್ಕೇ ಈ ಸಲ ನಿನಗೆ ಗಾಬರಿ.

ಅನುಮಾನ ಇದ್ದರೆ ಹೀಗೆ ಮಾಡು. ಒಂದು ಕಡ್ಡಿ ಹಿಡಿದುಕೋ. ಪಾರಿಜಾತದ ಎಳೆ ಕಡ್ಡಿ ದುಂಡಗಿರುವುದಿಲ್ಲ, ಚೌಕ. ಬೆರಳಿಗೆ ನಾಲ್ಕು ಅಂಚು ಸಿಗುತ್ತವೆ. ಅದರ ತೊಗಟೆಯನ್ನು ಉಗುರಿನಲ್ಲಿ ಅಕ್ಕಿಕಾಳಿನಷ್ಟು ಕೆರೆದು ನೋಡು. ಒಳಗೆ ಹಸಿರು, ಸ್ವಲ್ಪ ತೇವ ಕಂಡರೆ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಕಂಡರೆ ಆ ಕಡ್ಡಿ ಮಾತ್ರ ಹೋಗಿದೆ ಅಂತ ಅರ್ಥ. ಇನ್ನೂ ಕೆಳಗೆ ಕೆರಿ. ಬುಡದ ಹತ್ತಿರ ಹಸಿರಿದ್ದರೂ ಸಾಕು, ಇದು ಬುಡದಿಂದಲೇ ಮತ್ತೆ ಚಿಗುರುವ ಗಿಡ.

ಅಣ್ಣಾ, ನೀವು ಒಂದು ಹಿಡಿ ಯೂರಿಯಾ ಹಾಕು ಅಂದಿರಲ್ಲ, ಅದು ಈಗ ಬೇಡ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮೆಕ್ಕೆಜೋಳ ಬೆಳೆಯುವ ಹೊತ್ತಿನಲ್ಲಿ ತಿನ್ನುತ್ತದೆ, ಅದಕ್ಕೆ ಸರಿ. ಇದು ಮಲಗಿರುವ ಗಿಡ, ಈಗ ಹಾಕಿದ ಗೊಬ್ಬರ ಬೇರು ಸುಡುತ್ತದೆ. ಚಿಗುರು ನಾಲ್ಕು ಬೆರಳು ಬಂದ ಮೇಲೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಸಾಕು.

ನೀರಿನ ವಿಷಯ ಮಾತ್ರ ಗಮನವಿಟ್ಟು ಕೇಳು, ಪುಟ್ಟಿ. ನಾವು ದಾವಣಗೆರೆಯಲ್ಲಿ ಬಾಡಿಗೆಗೆ ಇದ್ದಾಗ ನಾನೂ ಒಂದು ಪಾರಿಜಾತ ಹಾಕಿದ್ದೆ. ನಿನ್ನ ಹಾಗೇ ಎಲೆ ಉದುರಿತು ಅಂತ ಹೆದರಿ, ದಿನಾ ಎರಡು ಕೊಡ ನೀರು ಹೊಯ್ದೆ. ಒಂದು ತಿಂಗಳು ಬಿಡದೆ ಹೊಯ್ದೆ. ಅಲ್ಲಿಯದು ಎರೆ ಮಣ್ಣು, ಕುಡಿದ ನೀರನ್ನು ಬಿಡುವುದೇ ಇಲ್ಲ. ಕೊನೆಗೆ ಕಿತ್ತು ನೋಡಿದರೆ ಬೇರು ಮೆತ್ತಗಾಗಿತ್ತು. ಬೆರಳಲ್ಲಿ ಹಿಡಿದರೆ ಬೇರಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ನಾರು ಉಳಿಯಿತು. ಕೊಳೆತ ವಾಸನೆ. ಬಿಸಿಲು ಕೊಲ್ಲಲಿಲ್ಲ, ನಾನು ಹಾಕಿದ ನೀರು ಕೊಂದಿತು. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ನಿನ್ನ ಅಂಗಳದ್ದೂ ಅದೇ ಮಣ್ಣು. ಮೇಲೆ ಬಿರುಕು ಬಿಟ್ಟಿರುತ್ತದೆ, ಒಣಗಿದೆ ಅನಿಸುತ್ತದೆ, ಒಳಗೆ ತೇವ ಇರುತ್ತದೆ. ಬುಡದಿಂದ ಒಂದು ಮೊಳ ದೂರದಲ್ಲಿ ಒಂದು ಗೇಣು ಅಗೆದು ಮಣ್ಣು ತೆಗಿ. ಮುಷ್ಟಿಯಲ್ಲಿ ಹಿಡಿದು ಒತ್ತು. ಉಂಡೆ ಕಟ್ಟಿದರೆ ನೀರು ಬೇಡ. ಪುಡಿಪುಡಿ ಆದರೆ ಒಂದೇ ಕೊಡ, ಅದೂ ಸಂಜೆ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ನೋಡು. ಉದುರಿದ ಎಲೆಯನ್ನು ಗುಡಿಸಿ ಸುಡಬೇಡ, ಬುಡದ ಸುತ್ತ ಹರಡು. ಮಣ್ಣು ಬಿರಿದು ಬೇರು ಹರಿದುಹೋಗುವುದು ಕಮ್ಮಿಯಾಗುತ್ತದೆ. ನಮ್ಮ ಚಿತ್ರದುರ್ಗದ ಮನೆಯಲ್ಲಿ ಕೆಂಪು ಗರಸು ಮಣ್ಣು, ನೀರು ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿಯ ಗಿಡ ನಾನು ಮರೆತರೂ ಚೆನ್ನಾಗಿದೆ.

ಕತ್ತರಿಸುವುದಿದ್ದರೆ ಎಲೆಯಿಲ್ಲದ ಈ ಹೊತ್ತಿನಲ್ಲೇ ಮಾಡು. ಮೇಲಿನ ಮೂರನೇ ಒಂದು ಭಾಗ ತೆಗಿ, ಗಣ್ಣಿಗೆ ಸ್ವಲ್ಪ ಮೇಲೆ. ಮಚ್ಚು ಬೇಡ, ಗಿಡ ಕತ್ತರಿಸುವ ಕತ್ತರಿ ತಗೋ. ಇದು ಮಲ್ಲಿಗೆ ಕುಟುಂಬದ್ದು, ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ. ಹಾಗಾಗಿ ಕತ್ತರಿಸಿದ ಕಡೆ ಎರಡು ಕೊಂಬೆ ಒಡೆಯುತ್ತವೆ. ಹೂ ಬರುವುದು ಹೊಸ ಕೊಂಬೆಯ ತುದಿಗೆ. ಮೊದಲ ಮಳೆ ಬೀಳಲಿ, ಸ್ಯಾಂಡ್ ಪೇಪರ್ ಥರ ಒರಟು ಎಲೆ ತಾನಾಗಿ ಬರುತ್ತದೆ. ನವರಾತ್ರಿ ಹೊತ್ತಿಗೆ ಅಂಗಳ ಬೆಳ್ಳಗೆ.

ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿದ್ದೆ. 1753ರಲ್ಲಿ ಲಿನೇಯಸ್ ಅನ್ನುವ ಸಸ್ಯವಿಜ್ಞಾನಿ ಇದಕ್ಕೆ ಕೊಟ್ಟ ಹೆಸರಿನಲ್ಲಿ ಆರ್ಬರ್ ಟ್ರಿಸ್ಟಿಸ್ ಅಂತ ಇದೆ, ದುಃಖದ ಮರ ಅಂತ ಅರ್ಥ. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಹೂ ಉದುರುತ್ತದಲ್ಲ, ಅದಕ್ಕೆ. ನನಗೆ ಆ ಹೆಸರು ಒಪ್ಪಿಗೆಯಾಗಲಿಲ್ಲ. ಹೊಳಲ್ಕೆರೆ ಮನೆಯಲ್ಲಿ ನಿಮ್ಮಜ್ಜಿ ರಾತ್ರಿ ಮಲಗುವ ಮುಂಚೆ ಗಿಡದ ಕೆಳಗೆ ಹಳೇ ಹತ್ತಿ ಸೀರೆ ಹಾಸುತ್ತಿದ್ದರು. ಬೆಳಗ್ಗೆ ನಾವು ನಾಲ್ಕು ಮೂಲೆ ಹಿಡಿದು ಎತ್ತಿದರೆ ಇಡೀ ಸೀರೆ ಘಮ್ ಅನ್ನುತ್ತಿತ್ತು. ಬೇರೆ ಹೂ ನೆಲಕ್ಕೆ ಬಿದ್ದರೆ ದೇವರಿಗೆ ಏರಿಸುವುದಿಲ್ಲ, ಪಾರಿಜಾತಕ್ಕೆ ಆ ಕಟ್ಟು ಇಲ್ಲ. ಮಿಕ್ಕ ಹೂವಿನ ಕೇಸರಿ ತೊಟ್ಟು ಬಿಡಿಸಿ, ಬಿಸಿನೀರಲ್ಲಿ ಹಾಕಿ, ನಮ್ಮ ಕರ್ಚೀಫಿಗೆ ಬಣ್ಣ ಕಟ್ಟಿಕೊಡುತ್ತಿದ್ದರು. ಹಿಂದೆ ರೇಷ್ಮೆಗೂ ಈ ಬಣ್ಣ ಹಾಕುತ್ತಿದ್ದರು.

ನಿನ್ನ ಗಿಡ ಆ ಹೊಳಲ್ಕೆರೆ ಗಿಡದ ಮೊಮ್ಮಗಳು, ಪುಟ್ಟಿ. ಅಲ್ಲಿಯ ಬೀಜದಿಂದ ನನ್ನದು, ನನ್ನದರ ಬೀಜದಿಂದ ನಿನ್ನದು. ಹೊಳಲ್ಕೆರೆ ಮನೆ ಮಾರಿದ ಮೇಲೆ ಆ ತಾಯಿಗಿಡ ಇಲ್ಲ. ಕ್ರೋಟನ್ ಬೇಕಿದ್ದರೆ ಕುಂಡದಲ್ಲಿ ಹಾಕು, ಇದರ ಜಾಗ ಕೊಡಬೇಡ.

ಇವತ್ತು ಸಂಜೆ ಕೆರೆದು ನೋಡಿ, ಆ ಜಾಗದ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕು. ಈ ಚಳಿಗಾಲದಲ್ಲಿ ಆರಿಸಿದ ಮೂರು ಚಪ್ಪಟೆ ಕಾಯಿ ನನ್ನ ಹತ್ತಿರ ಇವೆ, ಕಾಯಿಗೆ ಎರಡರಂತೆ ಆರು ಬೀಜ. ಬುಡದವರೆಗೂ ಹಸಿರು ಸಿಗದಿದ್ದರೆ ಯುಗಾದಿಗೆ ಬರುವಾಗ ತರುತ್ತೇನೆ.