ಪ್ರಶ್ನೋತ್ತರ: ಕಣ್ಣಾರೆ ಕಂಡವರಿಲ್ಲ, ಅನುಮಾನವೆಲ್ಲ ಗಂಡನ ಮೇಲೆ. ಸಾಂದರ್ಭಿಕ ಸಾಕ್ಷ್ಯ ನಿಲ್ಲುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಸದಸ್ಯರು)

ವಕೀಲರೇ, ನಮಸ್ಕಾರ. ನನ್ನ ತಂಗಿಯನ್ನು ಹೊಸನಗರದ ಕಡೆಗೆ ಕೊಟ್ಟು ಐದು ವರ್ಷವಾಗಿತ್ತು. ತೋಟದ ನಡುವಿನ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕೆಂದರೆ ಸಂಕ ದಾಟಿ ಅರ್ಧ ಮೈಲಿ ನಡೆಯಬೇಕು. ಕಳೆದ ಆಷಾಢದ ಒಂದು ಬೆಳಿಗ್ಗೆ ಅವಳು ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿದಳು. ಅತ್ತೆ ಮಗಳ ಬಾಣಂತನಕ್ಕೆ ಹೋಗಿದ್ದರು. ರಾತ್ರಿ ಮನೆಯಲ್ಲಿದ್ದವರು ಗಂಡ, ತಂಗಿ, ನಾಲ್ಕು ವರ್ಷದ ಮಗು ಮಾತ್ರ.

ಭಾವ ನಮ್ಮ ತಂದೆಗೆ ಫೋನಿನಲ್ಲಿ "ಬೆಳಿಗ್ಗೆಯಿಂದ ಕಾಣುತ್ತಿಲ್ಲ" ಎಂದರು. ನೆರೆಮನೆಯವರಿಗೆ "ನೀರು ಸೇದುವಾಗ ಕಾಲು ಜಾರಿತು" ಎಂದರಂತೆ. ನಾವು ಹೋದಾಗ ಬಾವಿಯ ಹಗ್ಗ ಸುರುಳಿ ಸುತ್ತಿ ಕಂಬಕ್ಕೆ ನೇತುಹಾಕಿತ್ತು, ಕೊಡಪಾನ ಬಚ್ಚಲಿನಲ್ಲಿ ಬೋರಲಾಗಿತ್ತು. ಭಾವನ ಮುಂಗೈ ಮೇಲೆ ಗೀರುಗಳಿದ್ದವು. ತಂಗಿಯ ಕುತ್ತಿಗೆಯಲ್ಲಿ ಗುರುತು ಇತ್ತು. ವೈದ್ಯರು ಪ್ರಯೋಗಾಲಯದ ವರದಿ ಬರುವವರೆಗೆ ಅಂತಿಮ ಅಭಿಪ್ರಾಯ ಕಾಯ್ದಿರಿಸಿದ್ದಾರೆ. ತವರಿನಿಂದ ಹಣ ತರಬೇಕೆಂದು ಜಗಳವಿತ್ತು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡು ಸೌದೆ ಕೊಟ್ಟಿಗೆಯಿಂದ ಹಗ್ಗ ತೆಗೆದುಕೊಟ್ಟರಂತೆ. ಆದರೂ ಊರಿನವರು "ನೋಡಿದವರಿಲ್ಲ, ಬಿಡುಗಡೆಯಾಗುತ್ತಾನೆ" ಎನ್ನುತ್ತಾರೆ. ಇದು ನಿಜವೇ?

ಉತ್ತರ (ಶಿವಮೊಗ್ಗದ ವಕೀಲೆ, ಕ್ರಿಮಿನಲ್ ವಿಭಾಗ)

ನೋಡಿದವರಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಬಿಡುಗಡೆಯಾಗುವುದಿಲ್ಲ. ಗಂಡನೇ ಮಾಡಿರಬೇಕು ಎಂದು ಊರಿಗೆಲ್ಲ ಅನಿಸಿತೆಂಬ ಕಾರಣಕ್ಕೆ ಶಿಕ್ಷೆಯೂ ಆಗುವುದಿಲ್ಲ. "ಮಾಡಿರಬಹುದು" ಮತ್ತು "ಮಾಡಿರಲೇಬೇಕು" ಇವೆರಡರ ನಡುವೆ ಇರುವ ದೂರವನ್ನು ಸಾಕ್ಷ್ಯವೇ ತುಂಬಬೇಕು.

ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳನ್ನು ಕೊಂಡಿಗಳಂತೆ ಜೋಡಿಸಿದ ಸರಪಳಿಯೇ ಸಾಂದರ್ಭಿಕ ಸಾಕ್ಷ್ಯ. ಇದಕ್ಕೆ ಅಳತೆಗೋಲು ಸುಪ್ರೀಂ ಕೋರ್ಟಿನ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು. ಪುಣೆಯಲ್ಲಿ ಮದುವೆಯಾದ ನಾಲ್ಕೇ ತಿಂಗಳಿಗೆ ಹೆಂಡತಿ ಸಯನೈಡ್‌ನಿಂದ ಸತ್ತಿದ್ದಳು. ವಿಚಾರಣಾ ನ್ಯಾಯಾಲಯ ಗಂಡನಿಗೆ ಮರಣದಂಡನೆ ವಿಧಿಸಿತ್ತು, ಹೈಕೋರ್ಟ್ ಎತ್ತಿಹಿಡಿದಿತ್ತು. ಆಕೆ ತಾನಾಗಿಯೇ ವಿಷ ಕುಡಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಪ್ರತಿಯೊಂದು ಸಂದರ್ಭವೂ ಪೂರ್ತಿಯಾಗಿ ಸಾಬೀತಾಗಬೇಕು, ಎಲ್ಲವೂ ಸೇರಿ ಆರೋಪಿಯತ್ತ ಮಾತ್ರ ಬೆರಳು ತೋರಿಸಬೇಕು, ಬೇರೆ ಯಾವ ಸಮಂಜಸ ವಿವರಣೆಗೂ ಜಾಗ ಉಳಿಯಬಾರದು ಎಂದು ಅಲ್ಲಿ ಹೇಳಿದ್ದನ್ನು ಇಂದಿಗೂ ಎಲ್ಲ ನ್ಯಾಯಾಲಯಗಳು ಪಾಲಿಸುತ್ತವೆ.

ಈಗ ನಿಮ್ಮ ತಂಗಿಯ ವಿಷಯಕ್ಕೆ ಬರೋಣ. ನೀವು ಹೇಳಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಕೊಡಪಾನ. ನೀರು ಸೇದುವಾಗ ಜಾರಿ ಬಿದ್ದವಳ ಕೊಡ ಬಚ್ಚಲಿನಲ್ಲಿ ಬೋರಲಾಗಿರುವುದಿಲ್ಲ, ಹಗ್ಗ ಸುರುಳಿ ಸುತ್ತಿಕೊಂಡು ಕಂಬ ಏರುವುದಿಲ್ಲ. ಕಾಲು ಜಾರಿದ ಕಥೆ ಅಲ್ಲಿಗೇ ಮುರಿಯುತ್ತದೆ. ಆದರೆ ಅದರಿಂದ ಕೊಲೆ ಸಾಬೀತಾಗುವುದಿಲ್ಲ. ಅವಳಾಗಿಯೇ ಹಾರಿದ್ದರೂ ಕೊಡ ಬಚ್ಚಲಿನಲ್ಲೇ ಇರುತ್ತಿತ್ತು. ಪ್ರತಿವಾದಿ ವಕೀಲರು ಆಕಸ್ಮಿಕದ ಕಥೆಯನ್ನು ಕೈಬಿಟ್ಟು ಆತ್ಮಹತ್ಯೆಯ ಕಥೆ ಹಿಡಿಯುವುದು ಇಲ್ಲಿಯೇ. ಈ ಮಾತು ನಿಮಗೆ ನೋವು ಕೊಡುತ್ತದೆಂದು ಗೊತ್ತು. ನಾಳೆ ಕಟಕಟೆಯಲ್ಲಿ ಹಠಾತ್ತಾಗಿ ಕೇಳುವುದಕ್ಕಿಂತ ಇಂದು ನನ್ನಿಂದ ಕೇಳುವುದು ಮೇಲು.

ಹಾಗಾಗಿ ಪ್ರಕರಣ ನಿಂತಿರುವುದು ಕುತ್ತಿಗೆಯ ಗುರುತಿನ ಮೇಲೆ. ನಮ್ಮ ಕಡೆ ಬಾವಿಯಿಂದ ಶವ ಎತ್ತುವುದು ಹಗ್ಗ ಕಟ್ಟಿಯೇ. ಗುರುತು ಆಗ ಮೂಡಿದ್ದು ಎಂಬ ವಾದ ಬಂದೇ ಬರುತ್ತದೆ. ಜೀವವಿದ್ದಾಗ ಬಿಗಿದಿದ್ದರೆ ಚರ್ಮದ ಕೆಳಗಿನ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಕೆಲವೊಮ್ಮೆ ಗಂಟಲಿನ ಹೈಯಾಯ್ಡ್ ಮೂಳೆಗೋ ಮೃದ್ವಸ್ಥಿಗೋ ಪೆಟ್ಟಾಗಿರುತ್ತದೆ. ಸತ್ತ ಮೇಲೆ ಕಟ್ಟಿದ ಹಗ್ಗ ಹೀಗೆ ಮಾಡದು. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಿ ನೋಡಿದ ವಿವರ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ. ಶವ ಎತ್ತಿದವರು ಹಗ್ಗವನ್ನು ಕಂಕುಳಿಗೆ ಕಟ್ಟಿದ್ದರೋ ಬೇರೆಲ್ಲಿಗೋ ಎಂಬ ಹೇಳಿಕೆಯೂ ದಾಖಲಾಗಬೇಕು.

ಎರಡನೆಯದು, ಅವಳು ನೀರಿಗೆ ಬಿದ್ದಾಗ ಉಸಿರಾಡುತ್ತಿದ್ದಳೇ ಎಂಬುದು. ಬಾವಿ ನೀರಿನಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇರುತ್ತದೆ. ಮುಳುಗುವಾಗ ಹೃದಯ ಬಡಿಯುತ್ತಿದ್ದರೆ ಅದು ರಕ್ತದೊಡನೆ ಮೂಳೆಯ ಮಜ್ಜೆಯವರೆಗೂ ಹೋಗಬಲ್ಲದು. ಮಜ್ಜೆಯ ಜೊತೆ ಬಾವಿಯ ನೀರನ್ನೂ ಹೋಲಿಕೆಗೆ ಕಳುಹಿಸಿದ್ದಾರೆಯೇ ಎಂದು ಕೇಳಿ. ಡಯಾಟಮ್ ಸಿಗಲಿಲ್ಲ ಎಂಬುದೊಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಕುತ್ತಿಗೆಯ ಒಳಗಾಯದ ಜೊತೆ ಸೇರಿದಾಗ ಅದಕ್ಕೆ ತೂಕ ಬರುತ್ತದೆ.

ತಪ್ಪೊಪ್ಪಿಗೆಯನ್ನು ಲೆಕ್ಕದಿಂದ ತೆಗೆದುಬಿಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಅದರಿಂದ ಯಾವ ವಸ್ತು ಪತ್ತೆಯಾಯಿತೋ ಅಷ್ಟು ಭಾಗ ಮಾತ್ರ ಒಳಗೆ ಬರುತ್ತದೆ. ಹಿಂದಿನ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ರಲ್ಲಿ ಸೇರಿದೆ. ಪತ್ತೆಯಾದದ್ದು ಏನು ಎಂಬುದೇ ಮುಖ್ಯ. ಬೆಂಗಳೂರಿನಲ್ಲಿ 1991ರಲ್ಲಿ ಕಾಣೆಯಾದ ಶಕೀರಾ ಖಲೀಲಿಯವರ ಶವ 1994ರಲ್ಲಿ ಅವರದೇ ಮನೆಯ ಅಂಗಳದಲ್ಲಿ ಹೂತ ಪೆಟ್ಟಿಗೆಯಲ್ಲಿ ಸಿಕ್ಕಿತು. ಜಾಗ ತೋರಿಸಿದವನು ಗಂಡ ಶ್ರದ್ಧಾನಂದ. ಆ ಕೊಂಡಿಯನ್ನು ಅಲುಗಾಡಿಸಲು ಯಾರಿಂದಲೂ ಆಗಲಿಲ್ಲ. ಕೊನೆಯುಸಿರಿನವರೆಗೆ ಜೈಲಿನಲ್ಲೇ ಇರಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮಲ್ಲಿ ಸಿಕ್ಕಿದ್ದು ಒಂದು ಹಗ್ಗ. ಮಲೆನಾಡಿನ ಯಾವ ಕೊಟ್ಟಿಗೆಯಲ್ಲಿ ಹಗ್ಗವಿಲ್ಲ ಹೇಳಿ? ಅದರ ದಪ್ಪ ಮತ್ತು ಹುರಿ ಕುತ್ತಿಗೆಯ ಗುರುತಿಗೆ ಹೊಂದುತ್ತದೆ ಎಂದು ವೈದ್ಯರು ಹಗ್ಗ ನೋಡಿ ಬರೆದುಕೊಟ್ಟಿದ್ದರೆ ಅದು ಸಾಕ್ಷ್ಯ, ಇಲ್ಲವಾದರೆ ಬರೀ ಹಗ್ಗ.

ಗೀರುಗಳದ್ದೂ ಇದೇ ಕಥೆ. ತೋಟದಲ್ಲಿ ಕೆಲಸ ಮಾಡುವವನ ಮುಂಗೈ ಎಂದಿಗೂ ನುಣುಪಾಗಿರುವುದಿಲ್ಲ. ಬಂಧಿಸಿದ ದಿನವೇ ವೈದ್ಯರು ಗಾಯ ಎಷ್ಟು ಹಳೆಯದು ಎಂದು ಬರೆದಿದ್ದಾರೆಯೇ, ನಿಮ್ಮ ತಂಗಿಯ ಉಗುರಿನ ತುಣುಕುಗಳು ಡಿಎನ್ಎ ಪರೀಕ್ಷೆಗೆ ಹೋಗಿವೆಯೇ ಎಂಬುದನ್ನು ನೋಡಬೇಕು.

ಪ್ರಶ್ನೆ (ಸಾಗರದ ಸದಸ್ಯರು)

ಮೇಡಂ, ರಾತ್ರಿ ಮನೆಯಲ್ಲಿದ್ದ ಗಂಡಸು ಅವನೊಬ್ಬನೇ. ಏನಾಯಿತು ಎಂದು ಅವನೇ ಹೇಳಬೇಕಲ್ಲವೇ? ಬಾಯಿ ಬಿಡದೆ ಕುಳಿತರೆ?

ಉತ್ತರ

ಹೇಳಬೇಕು. ಹಳೆಯ ಕಾಯ್ದೆಯ 106, ಈಗಿನ 109ನೇ ಕಲಂ ಹೇಳುವುದು ಅದನ್ನೇ: ಒಬ್ಬನಿಗೆ ವಿಶೇಷವಾಗಿ ತಿಳಿದ ಸಂಗತಿಯನ್ನು ಅವನೇ ವಿವರಿಸಬೇಕು. 2006ರ ತ್ರಿಮುಖ ಮಾರುತಿ ಕಿರ್ಕನ್ ಪ್ರಕರಣದಲ್ಲಿ ಹೆಂಡತಿಗೆ ಹಾವು ಕಚ್ಚಿತೆಂದು ತವರಿಗೆ ಸುದ್ದಿ ಹೋಗಿತ್ತು, ಶವ ಪರೀಕ್ಷೆಯಲ್ಲಿ ಕುತ್ತಿಗೆ ಒತ್ತಿದ್ದು ಗೊತ್ತಾಯಿತು. ನಾಲ್ಕು ಗೋಡೆಗಳ ನಡುವೆ ನಡೆದ ಇಂಥ ಸಾವಿನಲ್ಲಿ ಮನೆಯವರು ಸುಮ್ಮನಿದ್ದರೆ ಅಥವಾ ಸುಳ್ಳು ಹೇಳಿದರೆ ಅದು ಸರಪಳಿಗೆ ಇನ್ನೊಂದು ಕೊಂಡಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಅದು ಇನ್ನೊಂದು ಕೊಂಡಿ, ಮೊದಲ ಕೊಂಡಿಯಲ್ಲ. ಸಾವು ಕೊಲೆ ಎಂದು, ಆ ಹೊತ್ತಿಗೆ ಅವನು ಅಲ್ಲಿದ್ದ ಎಂದು ಸರ್ಕಾರದ ಕಡೆಯವರೇ ಮೊದಲು ತೋರಿಸಬೇಕು. ಅಷ್ಟಾದ ಮೇಲೆ ಫೋನಿನಲ್ಲಿ ಒಂದು, ನೆರೆಯವರಿಗೆ ಇನ್ನೊಂದು ಹೇಳಿದ ಎರಡು ಕಥೆಗಳು ಅವನ ಕೊರಳಿಗೇ ಸುತ್ತಿಕೊಳ್ಳುತ್ತವೆ. ಎರಡನ್ನೂ ಹೇಳಿದ್ದು ಪೊಲೀಸರಿಗಲ್ಲ, ಊರವರಿಗೆ. ಹಾಗಾಗಿ ಸಾಕ್ಷ್ಯವಾಗಿ ಬರುತ್ತವೆ.

ಅವನು ಆಗ ಎಲ್ಲಿದ್ದ ಎಂದು ತೋರಿಸಲು ಮೊಬೈಲ್ ಟವರಿನ ದಾಖಲೆಯ ಮೇಲೆ ಮಾತ್ರ ಹೆಚ್ಚು ಭಾರ ಹಾಕಬೇಡಿ. ಪೇಟೆಯಲ್ಲಿ ಟವರ್ ಬೀದಿಯ ಆಸುಪಾಸು ಹೇಳಬಹುದು. ನಮ್ಮ ಕಡೆ ಒಂದೇ ಟವರ್ ಒಂದು ಗುಡ್ಡ ಮತ್ತು ಅದರಾಚೆಯ ಕಣಿವೆಗೂ ಸಿಗ್ನಲ್ ಕೊಡುತ್ತದೆ. ಅವನು ಮನೆಯಲ್ಲಿದ್ದನೋ ತೋಟದಲ್ಲಿದ್ದನೋ ಎಂದು ಅದು ಹೇಳಲಾರದು.

ಪ್ರಶ್ನೆ (ಮೊದಲಿನ ಸದಸ್ಯರು)

ಮಗು ಈಗ ನಮ್ಮ ಹತ್ತಿರ ಇದೆ. "ಅಪ್ಪ ಅಮ್ಮನಿಗೆ ಹೊಡೆದ" ಎನ್ನುತ್ತದೆ. ಸರಿಯಾಗಿ ಹೇಳುವಂತೆ ಅಭ್ಯಾಸ ಮಾಡಿಸಬೇಕೇ? ಒಂದು ವೇಳೆ ಆತ್ಮಹತ್ಯೆ ಎಂದಾದರೆ ಅವರು ಪೂರ್ತಿ ಪಾರಾಗುತ್ತಾರೆಯೇ?

ಉತ್ತರ

ಅಣ್ಣ, ಕೈಮುಗಿದು ಕೇಳುತ್ತೇನೆ, ಮಗುವಿಗೆ ಏನನ್ನೂ ಕಲಿಸಬೇಡಿ. ಮತ್ತೆ ಮತ್ತೆ ಕೇಳಲೂ ಬೇಡಿ. ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕು ಎಂಬ ಕಟ್ಟಳೆ ಇಲ್ಲ. ಪ್ರಶ್ನೆ ಅರ್ಥವಾಗಿ ಉತ್ತರಿಸಬಲ್ಲದು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಸಾಕು. ಆದರೆ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿರುವ ಮಗು ಎಂಬುದೇ ಎದುರಿನ ವಕೀಲರ ಮೊದಲ ಪ್ರಶ್ನೆಯಾಗಿರುತ್ತದೆ. ದೊಡ್ಡವರ ಒಂದು ಪದ ಅದರ ಬಾಯಲ್ಲಿ ಬಂದರೂ ಇಡೀ ಹೇಳಿಕೆ ಬಿದ್ದುಹೋಗಬಹುದು. ತನಿಖಾಧಿಕಾರಿಗೆ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಲು ಕೇಳಿ. ಉಳಿದ ಹೊತ್ತು ಅದು ಆಡಿಕೊಂಡಿರಲಿ.

ಆತ್ಮಹತ್ಯೆ ಎಂದಾದರೂ ಅವನು ಪೂರ್ತಿ ಪಾರಾಗುವುದಿಲ್ಲ. ಮದುವೆಯಾಗಿ ಏಳು ವರ್ಷದೊಳಗಿನ ಅಸಹಜ ಸಾವು ಇದು. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸಿಸಿದ್ದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಅನ್ವಯವಾಗುತ್ತದೆ. ಆಗ ಸಾವಿಗೆ ಅವನೇ ಕಾರಣ ಎಂದು ನ್ಯಾಯಾಲಯ ಭಾವಿಸಬೇಕೆಂದು ಕಾನೂನೇ ಹೇಳುತ್ತದೆ, ಅಲ್ಲವೆಂದು ತೋರಿಸುವ ಹೊರೆ ಅವನದು. ಕೊಲೆಯ 103ನೇ ಕಲಮಿನ ಜೊತೆಗೆ ಇದನ್ನೂ ಪರ್ಯಾಯವಾಗಿ ಸೇರಿಸುವಂತೆ ಸರ್ಕಾರಿ ಅಭಿಯೋಜಕರನ್ನು ಕೇಳಿ. ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯ ಅನುಮತಿ ಕೊಡಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಹಣದ ಜಗಳದ ಬಗ್ಗೆ ಎಷ್ಟು ಗೊತ್ತೋ ಅಷ್ಟೇ ಹೇಳಿ. ದೂರಿನಲ್ಲಿ ಇಲ್ಲದ ಮಾತನ್ನು ಕಟಕಟೆಯಲ್ಲಿ ಸೇರಿಸಿದ ತವರಿನವರಿಂದಲೇ ಗಟ್ಟಿ ಪ್ರಕರಣವೊಂದು ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರತಿಕ್ರಿಯೆ (ಮೊದಲಿನ ಸದಸ್ಯರು, ನಾಲ್ಕು ದಿನಗಳ ನಂತರ)

ವಿಚಾರಿಸಿದೆ. ಮಹಜರಿನಲ್ಲಿ ಕೊಡಪಾನದ ಮಾತೇ ಇಲ್ಲವಂತೆ. ಆದರೆ ಪೊಲೀಸರು ಬರುವ ಮೊದಲು ನೆರೆಮನೆಯ ಹುಡುಗ ಮೊಬೈಲಿನಲ್ಲಿ ಬಾವಿಕಟ್ಟೆಯ ಫೋಟೊ ತೆಗೆದಿದ್ದ. ಅದರಲ್ಲಿ ಸುರುಳಿ ಸುತ್ತಿದ ಹಗ್ಗ ಕಾಣುತ್ತದೆ, ಹಿಂದೆ ಬಚ್ಚಲಿನ ಬಾಗಿಲಿನಲ್ಲಿ ಕೊಡದ ತಳವೂ ಕಾಣುತ್ತದೆ. ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಹೇಳಲೇ?

ಉತ್ತರ

ಬೇಡ. ಹಾಗೆ ಕಳುಹಿಸಿದರೆ ಫೋಟೊ ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರವೂ ಅಳಿಸಿಹೋಗುತ್ತದೆ. ಮೂಲ ಫೋಟೊ ಆ ಮೊಬೈಲಿನಲ್ಲೇ ಇರಲಿ, ಹುಡುಗ ಅದನ್ನು ಮಾರುವುದಾಗಲಿ ಫಾರ್ಮ್ಯಾಟ್ ಮಾಡುವುದಾಗಲಿ ಮಾಡದಿರಲಿ. ಇಂಥ ಫೋಟೊ ಇದೆ ಎಂದು ತನಿಖಾಧಿಕಾರಿಗೆ ನಾಳೆಯೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಮೊಬೈಲನ್ನು ಮಹಜರು ಮಾಡಿ ವಶಪಡಿಸಿಕೊಳ್ಳಲಿ, ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಮಾಡಿಸಲಿ. ಅದಿಲ್ಲದೆ ಫೋಟೊದ ಪ್ರತಿಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆ ಹುಡುಗನ ಹೇಳಿಕೆಯೂ ಬೇಕು: ಎಷ್ಟು ಹೊತ್ತಿಗೆ ತೆಗೆದ, ಅದಕ್ಕೆ ಮುಂಚೆ ಯಾರಾದರೂ ಹಗ್ಗ ಮುಟ್ಟಿದ್ದರೇ ಎಂದು. ಸೋಮವಾರ ಅರ್ಜಿಯ ಪ್ರತಿ ಹಿಡಿದು ನನ್ನ ಕಚೇರಿಗೆ ಬನ್ನಿ.