‘ತಲಾ ವೆಚ್ಚ’, ‘ತಲಾ ಅನುದಾನ’: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಮೂರು ದಿನದಿಂದ ನಿಂತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು. ನಾನು ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 26 ವರ್ಷ ಪಾಠ ಮಾಡಿದವಳು. ಈಗ ನಿವೃತ್ತಳು. ನಮ್ಮ ಸಂಘದ ಮಾಸಿಕಕ್ಕೆ ಶಾಲೆಗಳ ಹಣಕಾಸಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಬ್ಬೊಬ್ಬ ವಿದ್ಯಾರ್ಥಿಗೆ ಎಷ್ಟು ಖರ್ಚಾಗುತ್ತದೆ, ಒಂದು ಶಾಲೆಗೂ ಇನ್ನೊಂದಕ್ಕೂ ಅದರಲ್ಲಿ ಯಾಕೆ ಅಷ್ಟು ಅಂತರ, ಇದೇ ವಿಷಯ. ಪತ್ರಿಕೆಗಳಲ್ಲಿ ಇದಕ್ಕೆ ‘ತಲಾ ವೆಚ್ಚ’ ಅಂತ ಬರೆಯುತ್ತಾರೆ. ನಾನೂ ಹಾಗೇ ಬರೆದು ಮುಂದೆ ಹೋಗುತ್ತಿದ್ದೆ, ಆದರೆ ಒಂದು ಹಳೆಯ ಮಾತು ನೆನಪಾಗಿ ಕೈ ನಿಂತಿತು.

ಕೆಲವು ವರ್ಷದ ಹಿಂದೆ ಒಬ್ಬ ತಂದೆ ಶಾಲೆಗೆ ಬಂದಿದ್ದರು. ಸಂಜೆ ದೋಸೆ ಗಾಡಿ ಇಡುವವರು. ಕೈಯಲ್ಲಿ ಮಡಚಿದ ಪೇಪರ್. ಸರ್ಕಾರ ಮಗುವಿಗೆ ತಲಾ ಇಷ್ಟು ಸಾವಿರ ಖರ್ಚು ಮಾಡುತ್ತದೆ ಅಂತ ಅದರಲ್ಲಿ ಬಂದಿತ್ತು. ಅವರ ಮಗ ಒಂಬತ್ತನೇ ತರಗತಿ. ಆ ತರಗತಿಯಲ್ಲಿ ಹನ್ನೊಂದು ಮಕ್ಕಳು, ಎರಡು ಟ್ಯೂಬ್‌ಲೈಟ್, ಅದರಲ್ಲಿ ಒಂದು ಉರಿಯುತ್ತಿರಲಿಲ್ಲ. ವಿಜ್ಞಾನದ ಕಪಾಟಿನಲ್ಲಿ ಇದ್ದದ್ದು ಒಂದು ಸ್ಪಿರಿಟ್ ದೀಪ, ನಾಲ್ಕು ಗಾಜಿನ ನಳಿಗೆ. ಅವರು ಜಗಳಕ್ಕೆ ಬಂದವರಲ್ಲ, ಮೆಲ್ಲಗೆ ಕೇಳಿದರು: “ಟೀಚರ್, ನನ್ನ ಮಗನ ಪಾಲಿನ ದುಡ್ಡು ಎಲ್ಲಿದೆ?”

ಅವರು ಕನ್ನಡವನ್ನು ಸರಿಯಾಗೇ ಓದಿದ್ದರು. ಮಕ್ಕಳಿಗೆ ತಲಾ ಎರಡು ಲಾಡು ಕೊಟ್ಟರು ಅಂದರೆ ಪ್ರತಿ ಮಗುವಿನ ಕೈಗೂ ಎರಡು ಲಾಡು ಬಂತು ಅಂತಲೇ ಅರ್ಥ. ತಲೆ ಎಣಿಸಿ ಹಂಚಿದ್ದು. ಆದರೆ ‘ತಲಾ ಆದಾಯ’ದಲ್ಲಿ ಯಾರೂ ಏನೂ ಹಂಚಿಲ್ಲ. ಒಟ್ಟು ಮೊತ್ತವನ್ನು ತಲೆಗಳಿಂದ ಭಾಗಿಸಿದಾಗ ಬರುವ ಅಂಕಿ ಅಷ್ಟೇ, ಅದು ಯಾರ ಕೈಗೂ ಬಂದಿರಬೇಕೆಂದಿಲ್ಲ. ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ಲಾಡಿನ ವಿಷಯದಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಶಾಲೆಯ ವಿಷಯದಲ್ಲಿ ತುಂಬಾ ತೊಂದರೆ ಇದೆ.

ಹೇಗೆ ಅಂದರೆ, ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡು ಶಾಲೆ, ಎರಡರಲ್ಲೂ ಇಬ್ಬಿಬ್ಬರು ಶಿಕ್ಷಕರು, ಅವರ ಸಂಬಳ ಸೇರಿ ತಿಂಗಳಿಗೆ 1,20,000. ಒಂದರಲ್ಲಿ 60 ಮಕ್ಕಳು, ತಲಾ ವೆಚ್ಚ 2,000. ಇನ್ನೊಂದರಲ್ಲಿ ಮಕ್ಕಳು ಕಡಿಮೆಯಾಗಿ 12ಕ್ಕೆ ಇಳಿದಿದ್ದಾರೆ, ತಲಾ ವೆಚ್ಚ 10,000. ಓದಿದವರಿಗೆ ಎರಡನೆಯದು ಶ್ರೀಮಂತ ಶಾಲೆ ಅನ್ನಿಸುತ್ತದೆ. ಆದರೆ ಆ ಹನ್ನೆರಡು ಮಕ್ಕಳಿಗೆ ಒಂದು ಪುಸ್ತಕವೂ ಜಾಸ್ತಿ ಸಿಕ್ಕಿಲ್ಲ! ನಮ್ಮಂಥ ಕನ್ನಡ ಶಾಲೆಗಳ ಕಥೆ ಇದೇ. ಮಕ್ಕಳು ಕಡಿಮೆಯಾದಷ್ಟೂ ‘ತಲಾ ವೆಚ್ಚ’ ಏರುತ್ತದೆ. ಇಷ್ಟು ಖರ್ಚು ಮಾಡಿ ಈ ಶಾಲೆ ನಡೆಸಬೇಕಾ ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಅದಕ್ಕೇ ಪದ ಸರಿ ಇರಬೇಕು ಅಂತ ಇಷ್ಟು ಹಟ ಮಾಡುತ್ತಿದ್ದೇನೆ.

ಇನ್ನೂ ಗೋಜಲು ಎಲ್ಲಿ ಅಂದರೆ, ಕೆಲವು ಕಡೆ ಸರಾಸರಿಯೇ ಹಂಚಿಕೆಯಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಶೇ. 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಆ ಮಕ್ಕಳ ಲೆಕ್ಕದಲ್ಲಿ ಸರ್ಕಾರ ಹಣ ಕೊಡುತ್ತದೆ. ಎಷ್ಟು? ಸರ್ಕಾರ ತನ್ನ ಶಾಲೆಗಳಲ್ಲಿ ಒಂದು ಮಗುವಿಗೆ ಮಾಡುವ ಖರ್ಚು, ಇಲ್ಲವೇ ಆ ಶಾಲೆಯ ಶುಲ್ಕ, ಯಾವುದು ಕಡಿಮೆಯೋ ಅಷ್ಟು. ಮಹಾರಾಷ್ಟ್ರದಲ್ಲಿ ಈ ದರ 17,670 ರೂಪಾಯಿ ಇತ್ತು, ಕೊರೊನಾ ಕಾಲದಲ್ಲಿ 2020-21ಕ್ಕೆ 8,000ಕ್ಕೆ ಇಳಿಸಿದರು. ಭಾಗಿಸಿ ಬಂದ ಅಂಕಿ ಇಲ್ಲಿ ನಿಜವಾಗಿ ಒಬ್ಬೊಬ್ಬರ ಹೆಸರಲ್ಲಿ ಕೊಡುವ ಹಣ ಆಯಿತು. ಒಂದೇ ವಾಕ್ಯದಲ್ಲಿ ‘ತಲಾ’ ಎರಡೂ ಅರ್ಥದಲ್ಲಿ ಬರುತ್ತದೆ, ಓದುವವರು ಹೇಗೆ ಬಿಡಿಸಿಕೊಳ್ಳಬೇಕು?

ಮರಾಠಿಯವರು ‘ದರಡೋಯಿ’ ಅನ್ನುತ್ತಾರೆ. ಡೋಯಿ ಅಂದರೂ ತಲೆಯೇ. (ಅವರ ‘ದರಡೋಯಿ ಉತ್ಪನ್ನ’ವನ್ನು ನಮ್ಮಲ್ಲಿ ಕೆಲವರು ಹಾಗೇ ‘ಉತ್ಪನ್ನ’ ಅಂತ ಇಳಿಸುತ್ತಾರೆ, ಮರಾಠಿಯಲ್ಲಿ ಅದು ಆದಾಯ. ಇಲ್ಲಿ ಬರೆಯುವವರು ಜೋಪಾನ.) ಆದರೆ ಅವರ ಇನ್ನೊಂದು ಪದ ನನಗೆ ಬಹಳ ಇಷ್ಟ, ‘ವೇತನೇತರ ಅನುದಾನ’. ಸಂಬಳ ಬಿಟ್ಟು ಉಳಿದದ್ದಕ್ಕೆ ಬರುವ ಹಣ: ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಆ ಟ್ಯೂಬ್‌ಲೈಟ್. ಆ ತಂದೆ ಹುಡುಕಿದ್ದು ಇದನ್ನೇ. ಇದು ಕನ್ನಡದಲ್ಲಿ ಹಾಗೇ ನಡೆಯುತ್ತದಾ? ಕರ್ನಾಟಕದ ಅನುದಾನಿತ ಶಾಲೆಗಳ ಕಾಗದಪತ್ರದಲ್ಲಿ ಏನಂತ ಬರೆಯುತ್ತಾರೆ?

ಎರಡನೇ ಪ್ರಶ್ನೆ ‘ಅಂತರ’ದ್ದು. ಲೇಖನದಲ್ಲಿ ಅಮೆರಿಕದ ಒಂದು ಮೊಕದ್ದಮೆ ಬರುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರ ಪ್ರದೇಶದಲ್ಲಿ ಎರಡು ಶಾಲಾ ಜಿಲ್ಲೆಗಳು (ಅಂದರೆ ಶಾಲೆ ನಡೆಸುವ ಸ್ಥಳೀಯ ಆಡಳಿತಗಳು), ಎಡ್ಜ್‌ವುಡ್ ಮತ್ತು ಅಲಾಮೊ ಹೈಟ್ಸ್. 1967-68ರಲ್ಲಿ ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಲೆಕ್ಕಕ್ಕೆ 356 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 594. ಅಲ್ಲಿ ಶಾಲೆಯ ಹಣದ ಒಂದು ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಬಡ ಎಡ್ಜ್‌ವುಡ್‌ನವರು ಕಟ್ಟಿದ ತೆರಿಗೆಯ ದರವೇ ಜಾಸ್ತಿ. ಆದರೂ ಸ್ಥಳೀಯವಾಗಿ ಎತ್ತಲು ಆದದ್ದು ಮಗುವಿಗೆ 26 ಡಾಲರ್, ಅಲಾಮೊ ಹೈಟ್ಸ್‌ನವರಿಗೆ 333. ಮನೆ, ಜಾಗದ ಬೆಲೆಯೇ ಕಡಿಮೆ ಇದ್ದರೆ ದರ ಏರಿಸಿ ಏನು ಬಂತು? 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆ ನಿಂತು, ಇದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಹೇಳಿತು.

ಇದನ್ನು ಮೊದಲು ‘ತಾರತಮ್ಯ’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಮೂಲದಲ್ಲಿ ತರ-ತಮ ಅಂದರೆ ಹೆಚ್ಚು ಕಡಿಮೆಯ ಮೆಟ್ಟಿಲು ಅಷ್ಟೇ, ಮಾಧ್ವರ ಗ್ರಂಥಗಳಲ್ಲಿ ಆ ಅರ್ಥವೇ ಇದೆ. ಇವತ್ತಿನ ಕನ್ನಡದಲ್ಲಿ ತಾರತಮ್ಯ ಅಂದರೆ ಯಾರೋ ಬೇಕೆಂದೇ ಮಾಡಿದ ಅನ್ಯಾಯ. ನ್ಯಾಯಾಲಯ ಒಪ್ಪದ ಮಾತನ್ನು ನಾನು ಅದರ ಬಾಯಲ್ಲಿ ಇಟ್ಟ ಹಾಗಾಗುತ್ತದೆ. ‘ಅಸಮಾನತೆ’ ಸರಿ ಇದೆ, ಆದರೆ ಯಾರಿಗೂ ಸೇರದ ಪದ ಅದು. ಮಳೆ ಬಂದ ಹಾಗೆ ತಾನಾಗಿ ಬಂತು ಅನ್ನಿಸುತ್ತದೆ. ‘ತಫಾವತ್ತು’ ಅಂದರೆ ಲೆಕ್ಕದಲ್ಲಿ ತಪ್ಪಿದೆ, ಸರಿಮಾಡಿದರೆ ಮುಗಿಯಿತು ಅನ್ನುವ ಧ್ವನಿ.

ನನ್ನ ಮನಸ್ಸಿಗೆ ಬಂದದ್ದು ‘ಪಂಕ್ತಿಭೇದ’. ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂರಿಸಿ ಒಬ್ಬರಿಗೆ ತುಪ್ಪ, ಪಕ್ಕದವರಿಗೆ ನೀರು ಮಜ್ಜಿಗೆ. ಬಡಿಸುವ ಕೈ ಕಾಣುತ್ತದೆ, ಎಲೆ ಕಾಣುತ್ತದೆ, ಕೂತವರಿಗೆ ಸಿಗಬೇಕಾದದ್ದು ಇತ್ತು ಅನ್ನುವುದೂ ಕಾಣುತ್ತದೆ. ಮುಂಬೈ ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅಲ್ಲಿ ಎಲ್ಲರಿಗೂ ಬಡಿಸುವವರು ಒಬ್ಬರೇ, ಹಾಗಾಗಿ ಏನಾದರೂ ಹೆಚ್ಚುಕಡಿಮೆ ಆದರೆ ಈ ಪದ ಕೂರುತ್ತದೆ. ಆದರೆ ಟೆಕ್ಸಸ್‌ನಲ್ಲಿ ಪಂಕ್ತಿಯೇ ಬೇರೆ ಬೇರೆ, ಅವರವರ ಅಡಿಗೆ ಅವರವರದು. ಅಲ್ಲಿಗೆ ಕೂರುತ್ತದಾ? ಇನ್ನೊಂದು ಹೆದರಿಕೆಯೂ ಇದೆ. ಜಾತಿಯ ಪಂಕ್ತಿಭೇದ ಕಣ್ಣಾರೆ ಕಂಡವರಿಗೆ ಆ ಪದದ ನೋವೇ ಬೇರೆ, ಅದನ್ನು ಹಗುರ ಮಾಡಬಾರದು.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ಹೀಗೆ: ಭಾಗಿಸಿ ಬಂದದ್ದಕ್ಕೆ ‘ಮಗುವೊಂದಕ್ಕೆ ಸರಾಸರಿ ವೆಚ್ಚ’, ನಿಜವಾಗಿ ಒಬ್ಬೊಬ್ಬರ ಹೆಸರಲ್ಲಿ ಕೊಡುವುದಕ್ಕೆ ಮಾತ್ರ ‘ತಲಾ ಅನುದಾನ’. ಉದ್ದ ಆಯಿತು ಅನ್ನಿಸುತ್ತದೆ. ‘ವಿದ್ಯಾರ್ಥಿವಾರು’ ಅಂತ ಒಬ್ಬರು ಹೇಳಿದರು, ಆದರೆ ಜಿಲ್ಲಾವಾರು ಪಟ್ಟಿ ಅಂದ ಹಾಗೆ ಒಬ್ಬೊಬ್ಬರ ಹೆಸರು ಬರೆದ ಪಟ್ಟಿ ಕಣ್ಣಿಗೆ ಬರುತ್ತದೆ. ಧಾರವಾಡ, ಬೆಳಗಾವಿ ಕಡೆಯ ಶಾಲೆಗಳಲ್ಲಿ ಲೆಕ್ಕ ಬರೆದವರು ಇಲ್ಲಿ ಇದ್ದೀರಲ್ವಾ, ನಿಮ್ಮ ವಹಿಯಲ್ಲಿ ಯಾವ ಪದ ಇತ್ತು ಹೇಳಿ. ಲೇಖನ ಇದೇ 20ಕ್ಕೆ ಅಚ್ಚಿಗೆ ಹೋಗಬೇಕು.